ಖಿನ್ನತೆ: ರಕ್ತದಲ್ಲಿ ಬಂದದ್ದೆಷ್ಟು, ಬದುಕು ಕೊಟ್ಟದ್ದೆಷ್ಟು?

ನ್ಯೂಜಿಲೆಂಡಿನ ಡುನೆಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳ ಬೆನ್ನು ಹತ್ತಿದ ಸಂಶೋಧಕರು ಇವತ್ತಿಗೂ ಅವರನ್ನು ಬಿಟ್ಟಿಲ್ಲ. ಹಲ್ಲು, ಶ್ವಾಸಕೋಶ, ಓದು, ಕೆಲಸ, ಮನಸ್ಸು ಎಲ್ಲವನ್ನೂ ಕೆಲವು ವರ್ಷಕ್ಕೊಮ್ಮೆ ಕರೆಸಿ ನೋಡುತ್ತಾರೆ. ಆ ಮಕ್ಕಳಿಗೆ 26 ತುಂಬಿದಾಗ ಕ್ಯಾಲೆಂಡರ್ ಥರದ ಒಂದು ಹಾಳೆ ಇಟ್ಟುಕೊಂಡು ಕೂತರು. 21ರಿಂದ 26ರ ನಡುವೆ ಏನೇನು ಕಷ್ಟ ಬಂತು, ಯಾವಾಗ ಬಂತು ಅಂತ ಕೇಳಿ ಗುರುತು ಹಾಕಿಕೊಂಡರು. ಕೆಲಸ ಹೋಯಿತಾ, ಸಾಲ ಏರಿತಾ, ಮನೆ ಬಿಡಬೇಕಾಯಿತಾ, ಕಾಯಿಲೆ ಬಂತಾ, ಸಂಬಂಧ ಮುರಿಯಿತಾ. ಒಟ್ಟು 14 ಬಗೆಯ ಕಷ್ಟಗಳ ಪಟ್ಟಿ. ಜೊತೆಗೆ ಅವರ ಡಿಎನ್‌ಎಯಲ್ಲಿ ಒಂದು ನಿರ್ದಿಷ್ಟ ಜಾಗ ನೋಡಿದರು.

ಆ ಜಾಗ ಇರುವುದು 17ನೇ ಕ್ರೋಮೋಸೋಮಿನಲ್ಲಿ. ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಸೆರೊಟೋನಿನ್. ಮೆದುಳಿನ ನರಕೋಶ ಹೊರಬಿಟ್ಟ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ಜೀನ್ ಅದು. ಖಿನ್ನತೆಗೆ ಇವತ್ತು ಬರೆದುಕೊಡುವ ಎಷ್ಟೋ ಮಾತ್ರೆಗಳು ಹೋಗಿ ಹಿಡಿಯುವುದು ಇದೇ ಪ್ರೋಟೀನನ್ನು. ಆ ಜೀನ್ ಎಷ್ಟು ಚುರುಕಾಗಿರಬೇಕು ಅಂತ ನಿರ್ಧರಿಸುವ ತುಣುಕು ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ಬರುವುದರಿಂದ ಉದ್ದ-ಉದ್ದ, ಉದ್ದ-ಗಿಡ್ಡ, ಗಿಡ್ಡ-ಗಿಡ್ಡ ಅಂತ ಮೂರು ಗುಂಪು. 847 ಜನರ ಲೆಕ್ಕ ಹಾಕಿದಾಗ ಕಂಡದ್ದು ಇದು: ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಕಷ್ಟ ಕಂಡವರಲ್ಲಿ, ಒಂದಾದರೂ ಗಿಡ್ಡ ಪ್ರತಿ ಇದ್ದವರಿಗೆ 33% ಖಿನ್ನತೆ ಬಂದಿತ್ತು. ಎರಡೂ ಉದ್ದ ಇದ್ದವರಿಗೆ 17%. ಕಷ್ಟವೇ ಕಾಣದವರಲ್ಲಿ ಗಿಡ್ಡ-ಉದ್ದದ ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ.

ಅವ್‌ಶಲೋಮ್ ಕ್ಯಾಸ್ಪಿ, ಟೆರಿ ಮಾಫಿಟ್ ಮತ್ತು ಜೊತೆಗಾರರು ಇದನ್ನು 2003ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲರಿಗೂ ಇಷ್ಟವಾಗುವಂಥ ಕಥೆ ಇದು. ಬರೀ ಜೀನ್ ಏನೂ ಮಾಡಲ್ಲ, ಬರೀ ಕಷ್ಟವೂ ಎಲ್ಲರನ್ನೂ ಬೀಳಿಸಲ್ಲ, ಎರಡೂ ಕೂಡಿದರೆ ಮಾತ್ರ ಮನುಷ್ಯ ಕುಸಿಯುತ್ತಾನೆ. ಒಂದೇ ಮನೆಯ ಅಣ್ಣ ತಮ್ಮ, ಒಂದೇ ಸಾಲ, ಒಂದೇ ಬೆಳೆ ನಷ್ಟ. ಒಬ್ಬ ಎದ್ದು ನಿಲ್ಲುತ್ತಾನೆ, ಇನ್ನೊಬ್ಬ ಮನಸ್ಸಿಗೆ ಹಚ್ಚಿಕೊಂಡು ಮೂಲೆ ಹಿಡಿಯುತ್ತಾನೆ. ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿತು ಅಂತ ಎಲ್ಲರಿಗೂ ಅನಿಸಿತು. ಪಠ್ಯಪುಸ್ತಕಗಳಿಗೂ ಸೇರಿತು. ಇವತ್ತಿಗೂ ಅನೇಕ ಲೇಖನಗಳು ಈ ಗಿಡ್ಡ ಜೀನಿನ ಮಾತನ್ನು ಹಾಗೇ ಎತ್ತಿ ಬರೆಯುತ್ತವೆ.

ಆದರೆ ಆ ಕಥೆ ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಅಂತ ತಿಳಿಯಲು ದೊಡ್ಡ ಸಂಖ್ಯಾಶಾಸ್ತ್ರ ಬೇಡ, ಒಂದು ಪೆನ್ನು ಸಾಕು. 847 ಜನರಲ್ಲಿ ನಾಲ್ಕಕ್ಕಿಂತ ಕಡಿಮೆ ಇಲ್ಲದಷ್ಟು ಕಷ್ಟ ಕಂಡವರು ಸುಮಾರು 15%. ಅಂದರೆ 130ರ ಹತ್ತಿರ ಜನ. ಉದ್ದ-ಉದ್ದ ಗುಂಪಿನವರು ಒಟ್ಟಾರೆ 31% ಇದ್ದರು. ಅದೇ ಪ್ರಮಾಣ ಹಿಡಿದರೆ ಈ 130ರಲ್ಲಿ ಅವರ ಪಾಲು 40ರ ಆಸುಪಾಸು. ಆ 40ರಲ್ಲಿ 17% ಅಂದರೆ ಏಳು ಜನ. ಏಳರ ಬದಲು ಹನ್ನೊಂದು ಜನಕ್ಕೆ ಖಿನ್ನತೆ ಬಂದಿದ್ದರೆ 17 ಹೋಗಿ 27 ಆಗುತ್ತಿತ್ತು. ಅಷ್ಟು ಹೊತ್ತಿಗೆ ಗಿಡ್ಡ-ಉದ್ದದ ಕಥೆ ಅರ್ಧ ಕರಗಿ ಹೋಗುತ್ತಿತ್ತು. ಜಗತ್ತಿನಾದ್ಯಂತ ಸಾವಿರಾರು ಸಲ ಉಲ್ಲೇಖವಾದ ಒಂದು ಮಾತು ನಾಲ್ಕೈದು ಜನರ ಮನಸ್ಥಿತಿಯ ಮೇಲೆ ನಿಂತಿತ್ತು ಅಂದರೆ ಗಾಬರಿ ಆಗುತ್ತದೆ, ಅಲ್ವಾ? ಇದು ಮೋಸ ಅಲ್ಲ. ಆ ಕಾಲಕ್ಕೆ ಅದು ಒಳ್ಳೆಯ ಅಧ್ಯಯನವೇ. ಸಣ್ಣ ಗುಂಪನ್ನು ಇನ್ನೂ ಸಣ್ಣದಾಗಿ ಒಡೆದರೆ ಆಗುವುದೇ ಹೀಗೆ.

ಮುಂದಿನ ಹತ್ತು ಹದಿನೈದು ವರ್ಷ ಜಗ್ಗಾಟ ನಡೆಯಿತು. 2009ರಲ್ಲಿ ನೀಲ್ ರಿಶ್ ಮತ್ತು ತಂಡ 14 ಅಧ್ಯಯನಗಳ 14,250 ಜನರ ಮಾಹಿತಿ ಒಟ್ಟು ಮಾಡಿ ನೋಡಿತು. ಜೀನಿಗೂ ಖಿನ್ನತೆಗೂ ನಂಟು ಕಾಣಲಿಲ್ಲ. ಜೀನ್-ಕಷ್ಟ ಎರಡರ ಕೂಡುವಿಕೆಯಲ್ಲೂ ಏನೂ ಕಾಣಲಿಲ್ಲ. ಕಷ್ಟಕ್ಕೂ ಖಿನ್ನತೆಗೂ ಇರುವ ನಂಟು ಮಾತ್ರ ಗಟ್ಟಿಯಾಗಿ ನಿಂತಿತು. 2011ರಲ್ಲಿ ಇನ್ನೊಂದು ತಂಡ 54 ಅಧ್ಯಯನ ಸೇರಿಸಿ, ಇಲ್ಲ, ನಂಟು ಇದೆ ಎಂದಿತು. ಅದೇ ವರ್ಷ ಲಾರಾಮಿ ಡಂಕನ್ ಮತ್ತು ಮ್ಯಾಥ್ಯೂ ಕೆಲ್ಲರ್ ಇಡೀ ಕ್ಷೇತ್ರದ ಮೊದಲ ಹತ್ತು ವರ್ಷದ 103 ಅಧ್ಯಯನಗಳನ್ನು ಮುಂದಿಟ್ಟುಕೊಂಡು ಲೆಕ್ಕ ತೆಗೆದರು. ಹೊಸದಾಗಿ ಏನೋ ಕಂಡೆವು ಎಂದ ಅಧ್ಯಯನಗಳಲ್ಲಿ 96% ಯಶಸ್ವಿ. ಅದನ್ನೇ ಮತ್ತೆ ಪರೀಕ್ಷಿಸಿ ನೋಡಿದವುಗಳಲ್ಲಿ ಯಶಸ್ವಿಯಾದದ್ದು 27% ಮಾತ್ರ. ಮೊದಲ ಸಲ ಎಲ್ಲರಿಗೂ ಕಾಣುತ್ತೆ, ಎರಡನೇ ಸಲ ಹುಡುಕಿದರೆ ಸಿಗಲ್ಲ. ಸಿಕ್ಕಿದ್ದು ಪತ್ರಿಕೆಗೆ ಹೋಗುತ್ತದೆ, ಸಿಗದಿದ್ದದ್ದು ಮೇಜಿನ ಡ್ರಾಯರಿಗೆ.

2019ರಲ್ಲಿ ಕೊನೆಯ ಮೊಳೆ ಬಿತ್ತು. ರಿಚರ್ಡ್ ಬಾರ್ಡರ್ ಮತ್ತು ಸಂಗಡಿಗರು ಖಿನ್ನತೆಯ ಸಂಶೋಧನೆಯಲ್ಲಿ ಹೆಚ್ಚು ಹೆಸರು ಮಾಡಿದ 18 ಜೀನ್‌ಗಳನ್ನು ಆರಿಸಿ, ದೊಡ್ಡ ಗುಂಪುಗಳಲ್ಲಿ, 4,43,264 ಜನರವರೆಗಿನ ಮಾಹಿತಿಯಲ್ಲಿ ಪರೀಕ್ಷೆ ಮಾಡಿದರು. ಬಾಲ್ಯದ ಆಘಾತ, ದೊಡ್ಡವರಾದ ಮೇಲಿನ ಕಷ್ಟ, ಬಡತನ ಎಲ್ಲವನ್ನೂ ಜೊತೆಗಿಟ್ಟು ನೋಡಿದರು. ಸುಮ್ನೆ ಕಣ್ಣುಮುಚ್ಚಿ ಆರಿಸಿದ ಯಾವುದೋ ಜೀನ್‌ಗಳಿಗಿಂತ ಈ 18 ಜೀನ್‌ಗಳು ಖಿನ್ನತೆಗೆ ಹೆಚ್ಚು ಹತ್ತಿರದವಾಗಿರಲಿಲ್ಲ. ಗಿಡ್ಡ ಜೀನಿನ ಕಥೆ ಅಲ್ಲಿಗೆ ಮುಗಿಯಿತು. ಮುಗಿದ ಸುದ್ದಿ ಶುರುವಾದ ಸುದ್ದಿಯಷ್ಟು ಜೋರಾಗಿ ಕೇಳಿಸಲಿಲ್ಲ, ಅದು ಬೇರೆ ಮಾತು.

ಹಾಗಾದರೆ ವಂಶಕ್ಕೂ ಖಿನ್ನತೆಗೂ ಸಂಬಂಧವೇ ಇಲ್ಲವಾ? ಇದೆ. ಬಿದ್ದು ಹೋದದ್ದು ‘ಒಂದು ಜೀನ್’ ಅನ್ನುವ ಮಾತು, ವಂಶದ ಮಾತಲ್ಲ. ಅದನ್ನು ಅತಿ ಚೆನ್ನಾಗಿ ತೋರಿಸಿದ ಅಧ್ಯಯನ 2003ರ ಡುನೆಡಿನ್ ವರದಿಗಿಂತ ಹಳೆಯದು. ಅದರಲ್ಲಿ ಖಿನ್ನತೆಯ ಜೀನ್ ಹುಡುಕಲು ಯಾರ ಡಿಎನ್‌ಎಯನ್ನೂ ಓದಿರಲಿಲ್ಲ.

ವರ್ಜೀನಿಯಾದ ಅವಳಿಗಳು

ಅಮೆರಿಕದ ವರ್ಜೀನಿಯಾದಲ್ಲಿ ಕೆನೆತ್ ಕೆಂಡ್ಲರ್ ಎಂಬ ಮನೋವೈದ್ಯರು ಅವಳಿಗಳನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅವರ 1995ರ ಅಧ್ಯಯನದಲ್ಲಿ 2,164 ಮಹಿಳೆಯರಿದ್ದರು, ಎಲ್ಲರೂ ಅವಳಿ ಅಕ್ಕತಂಗಿಯರು. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಒಬ್ಬಳಿಗೆ ಖಿನ್ನತೆ ಬಂದಿದ್ದರೆ ಇನ್ನೊಬ್ಬಳ ವಂಶಗತ ಅಪಾಯ ಜಾಸ್ತಿ ಅಂತ ಹಿಡಿಯಬಹುದು. ಬಂದಿಲ್ಲದಿದ್ದರೆ ಕಡಿಮೆ. ಆಮೇಲೆ ಬದುಕಿನ ದೊಡ್ಡ ಪೆಟ್ಟುಗಳನ್ನು ನೋಡಿದರು: ಹತ್ತಿರದವರ ಸಾವು, ಹಲ್ಲೆ, ಗಂಡ ಹೆಂಡತಿ ನಡುವೆ ತೀರಾ ಬಿಗಡಾಯಿಸಿದ ಜಗಳ, ವಿಚ್ಛೇದನ.

ಬಂದ ಅಂಕಿಗಳನ್ನು ನಿಧಾನವಾಗಿ ಓದಿ. ವಂಶಗತ ಅಪಾಯ ಅತಿ ಕಡಿಮೆ ಇದ್ದವರಲ್ಲಿ, ಯಾವ ಪೆಟ್ಟೂ ಬೀಳದ ತಿಂಗಳಲ್ಲಿ ಖಿನ್ನತೆ ಶುರುವಾಗುವ ಸಂಭವ 0.5%. ಪೆಟ್ಟು ಬಿದ್ದ ತಿಂಗಳಲ್ಲಿ 6.2%. ವಂಶಗತ ಅಪಾಯ ಅತಿ ಹೆಚ್ಚು ಇದ್ದವರಲ್ಲಿ ಪೆಟ್ಟಿಲ್ಲದಾಗ 1.1%, ಪೆಟ್ಟು ಬಿದ್ದಾಗ 14.6%.

ಈ ನಾಲ್ಕು ಅಂಕಿಗಳಲ್ಲಿ ಇಡೀ ವಿಷಯ ಅಡಗಿದೆ ಅಂತ ನನಗನಿಸುತ್ತದೆ. ಕೂಡಿ ಕಳೆದು ನೋಡಿದರೆ, ಅಪಾಯ ಕಡಿಮೆ ಇದ್ದವರಿಗೆ ಪೆಟ್ಟಿನಿಂದ ಸೇರಿದ್ದು 5.7, ಹೆಚ್ಚಿದ್ದವರಿಗೆ 13.5. ಅಂದರೆ ಅದೇ ಪೆಟ್ಟು ಇವರಿಗೆ ಎರಡು ಪಟ್ಟಿಗಿಂತ ಜೋರಾಗಿ ತಾಗಿದೆ. ಜೀನ್ ಮತ್ತು ಕಷ್ಟ ಒಂದನ್ನೊಂದು ಬೆಳೆಸುತ್ತವೆ ಎನ್ನಬಹುದು. ಆದರೆ ಗುಣಿಸಿ ನೋಡಿ. 0.5ರಿಂದ 6.2 ಅಂದರೆ ಹನ್ನೆರಡು ಪಟ್ಟು ಚಿಲ್ಲರೆ. 1.1ರಿಂದ 14.6 ಅಂದರೆ ಹದಿಮೂರು ಪಟ್ಟು ಚಿಲ್ಲರೆ. ಎರಡೂ ಹೆಚ್ಚು ಕಡಿಮೆ ಒಂದೇ! ಈ ಲೆಕ್ಕದಲ್ಲಿ ಪೆಟ್ಟು ಎಲ್ಲರಿಗೂ ಸಮನಾಗಿಯೇ ಬೀಳುತ್ತದೆ, ವಂಶಗತ ಅಪಾಯ ಹೆಚ್ಚಿದ್ದವರ ಶುರುವಿನ ಅಂಕಿ ಮಾತ್ರ ಮೇಲಿದೆ. ಜೀನ್ ಮತ್ತು ಒತ್ತಡ ‘ಕೂಡಿ’ ಕೆಲಸ ಮಾಡುತ್ತವಾ ಅನ್ನುವ ಜಗಳದಲ್ಲಿ ಅರ್ಧ ಪಾಲು ಕೂಡುವ ಲೆಕ್ಕದವರಿಗೂ ಗುಣಿಸುವ ಲೆಕ್ಕದವರಿಗೂ ನಡೆದ ಜಗಳ. ಮನೆಯವರಿಗೆ, ವೈದ್ಯರಿಗೆ, ಸರ್ಕಾರಕ್ಕೆ ಬೇಕಾದದ್ದು ಕೂಡುವ ಲೆಕ್ಕವೇ. ನೂರು ಜನರಲ್ಲಿ ಎಷ್ಟು ಜನ ಹೊಸದಾಗಿ ಬೀಳುತ್ತಾರೆ ಅನ್ನುವುದೇ ಅಲ್ವಾ ಮುಖ್ಯ.

ಇನ್ನೊಂದು ಸಂಗತಿ ಇದೇ ಅಂಕಿಗಳಲ್ಲಿದೆ, ಅದನ್ನು ಗಮನಿಸುವವರು ಕಡಿಮೆ. ಒಳ್ಳೆಯ ವಂಶ, ಕೆಟ್ಟ ತಿಂಗಳು: 6.2. ಕೆಟ್ಟ ವಂಶ, ನೆಮ್ಮದಿಯ ತಿಂಗಳು: 1.1. ಇಲ್ಲಿ ಬದುಕಿನ ಪೆಟ್ಟು ವಂಶಕ್ಕಿಂತ ಐದಾರು ಪಟ್ಟು ತೂಕದ್ದು. ಅತಿ ಕೆಟ್ಟ ಸ್ಥಿತಿಯಲ್ಲೂ, ಅಂದರೆ ವಂಶವೂ ಇದ್ದು ಪೆಟ್ಟೂ ಬಿದ್ದ ತಿಂಗಳಲ್ಲೂ, ನೂರಕ್ಕೆ 85 ಮಹಿಳೆಯರಿಗೆ ಖಿನ್ನತೆ ಶುರುವಾಗಲಿಲ್ಲ.

ಅವಳಿ ಅಧ್ಯಯನಗಳನ್ನೆಲ್ಲ ಸೇರಿಸಿ 2000ದಲ್ಲಿ ಪ್ಯಾಟ್ರಿಕ್ ಸುಲಿವನ್, ಕೆಂಡ್ಲರ್ ಮೊದಲಾದವರು ಖಿನ್ನತೆಯ ಅನುವಂಶೀಯತೆ ಸುಮಾರು 37% ಎಂದರು. ಈ ಅಂಕಿಯನ್ನು ಜನ ತಪ್ಪಾಗಿ ಓದುತ್ತಾರೆ. ‘ನನ್ನ ಖಿನ್ನತೆಯಲ್ಲಿ 37 ಪಾಲು ಅಪ್ಪ ಅಮ್ಮನದು’ ಅಂತ ಇದರ ಅರ್ಥ ಅಲ್ಲ. ಒಂದು ಸಮಾಜದಲ್ಲಿ ಜನ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಜೀನ್‌ಗಳ ವ್ಯತ್ಯಾಸ ಎಷ್ಟನ್ನು ವಿವರಿಸುತ್ತದೆ ಅನ್ನುವ ಲೆಕ್ಕ ಇದು. ಆ ಸಮಾಜ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳಲ್ಲಿ ಇದೇ ಅಂಕಿ ಇನ್ನೂ ತುಂಬಾ ಮೇಲಿದೆ. ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಖಿನ್ನತೆಯಲ್ಲಿ ಬದುಕಿನ ಕೈವಾಡವೇ ಜಾಸ್ತಿ.

ಒಂದಲ್ಲ, ನೂರಾರು

ಒಂದು ಜೀನ್ ಹಿಂದೆ ಓಡುವುದನ್ನು ಬಿಟ್ಟ ಸಂಶೋಧಕರು ಇಡೀ ಡಿಎನ್‌ಎಯನ್ನು ಜಾಲಾಡತೊಡಗಿದರು. ಮೊದಮೊದಲು ಏನೂ ಸಿಗಲಿಲ್ಲ. 2015ರಲ್ಲಿ ಚೀನಾದ ಆಸ್ಪತ್ರೆಗಳಿಂದ ಪದೇ ಪದೇ ಖಿನ್ನತೆ ಬಂದ 5,303 ಮಹಿಳೆಯರನ್ನು ಆರಿಸಿ, ಹೆಚ್ಚು ಕಡಿಮೆ ಅಷ್ಟೇ ಸಂಖ್ಯೆಯ ಆರೋಗ್ಯವಂತರ ಜೊತೆ ಹೋಲಿಸಿದಾಗ ಡಿಎನ್‌ಎಯಲ್ಲಿ ಖಿನ್ನತೆಗೆ ನಂಟಿರುವ ಎರಡು ಜಾಗ ಸಿಕ್ಕವು. 2018ರಲ್ಲಿ 44. 2019ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ 102. 2025ರ ಜನವರಿಯಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 29 ದೇಶಗಳ 6,88,808 ಖಿನ್ನತೆಯುಳ್ಳವರು, 43 ಲಕ್ಷಕ್ಕೂ ಹೆಚ್ಚು ಹೋಲಿಕೆಯ ಜನ. ಸಿಕ್ಕ ವ್ಯತ್ಯಾಸಗಳು 697. ಹನಿಗೂಡಿದರೆ ಹಳ್ಳ ಅಂತಾರಲ್ಲ, ಖಿನ್ನತೆಯ ವಂಶಗತ ಅಪಾಯವೂ ಹಾಗೆಯೇ. ಒಂದೊಂದು ಹನಿಯೂ ನಗಣ್ಯ. ಎಲ್ಲರಲ್ಲೂ ಒಂದಷ್ಟು ಹನಿ ಇದ್ದೇ ಇದೆ. ಕೆಲವರಲ್ಲಿ ಜಾಸ್ತಿ, ಅಷ್ಟೇ.

ಈ ಹನಿಗಳನ್ನೆಲ್ಲ ಕೂಡಿಸಿ ಒಬ್ಬರಿಗೆ ಒಂದು ಅಂಕ ಕೊಡಬಹುದು. ಅದನ್ನು ಪಾಲಿಜೆನಿಕ್ ಸ್ಕೋರ್ ಅನ್ನುತ್ತಾರೆ. 2025ರ ಅಧ್ಯಯನದ ಅತ್ಯುತ್ತಮ ಸ್ಕೋರ್ ಕೂಡ ಯುರೋಪ್ ಮೂಲದವರಲ್ಲಿ ಖಿನ್ನತೆಯ ವ್ಯತ್ಯಾಸದಲ್ಲಿ ವಿವರಿಸಿದ್ದು ಹೆಚ್ಚೆಂದರೆ 5.8%. ಐವತ್ತು ಲಕ್ಷ ಜನರ ಮಾಹಿತಿ ಹಾಕಿ ಅರೆದರೂ ಅಷ್ಟೇ. ಗುಂಪಿನ ಬಗ್ಗೆ ಮಾತಾಡಲು ಇದು ಉಪಯೋಗ. ನಿಮ್ಮ ಮಗಳ ಬಗ್ಗೆ ಭವಿಷ್ಯ ಹೇಳಲು ಸಾಲದು.

ಈಗ ಕಷ್ಟವನ್ನು ಮತ್ತೆ ಒಳಗೆ ತರೋಣ. ಲಕ್ಷಗಟ್ಟಲೆ ಜನರ ಜೀನ್ ಮತ್ತು ಆರೋಗ್ಯದ ವಿವರ ಕೂಡಿಟ್ಟಿರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಮಾಹಿತಿ ಬಳಸಿದ 2020ರ ಒಂದು ಅಧ್ಯಯನದಲ್ಲಿ, ಬದುಕಿನಲ್ಲಿ ಆಘಾತ ಕಂಡೆವು ಎಂದವರಲ್ಲಿ ಖಿನ್ನತೆಯ ಮೇಲೆ ಜೀನ್‌ಗಳ ಪಾಲು 24% ಇತ್ತು. ಅಂಥದ್ದೇನೂ ಆಗಿಲ್ಲ ಎಂದವರಲ್ಲಿ 12%. ಆಘಾತ ಬಿದ್ದಾಗ ಒಳಗಿನ ವಂಶ ಎದ್ದು ಕಾಣುತ್ತದೆ ಅಂತ ಇದನ್ನು ಓದಬಹುದು. ಆದರೆ ಇಲ್ಲಿ ಒಂದು ತೊಡಕಿದೆ. ಆಘಾತ ಆಗಿತ್ತಾ ಅಂತ ಕೇಳಿದ್ದು ನಡುವಯಸ್ಸು ದಾಟಿದವರನ್ನು. ಉತ್ತರ ಬಂದದ್ದು ನೆನಪಿನಿಂದ. ಮಂಕು ಕವಿದ ಮನಸ್ಸು ಹಳೆಯ ನೋವುಗಳನ್ನೇ ಹೆಕ್ಕಿ ಹೆಕ್ಕಿ ನೆನೆಯುತ್ತದೆ. ನೆಮ್ಮದಿಯಾಗಿರುವವರು ಅದನ್ನೇ ‘ಏನೋ ಆಗಿತ್ತು ಬಿಡಿ’ ಅಂತ ಮರೆತಿರುತ್ತಾರೆ. ಹಾಗಾಗಿ ಆಘಾತದ ವರದಿಯೊಳಗೇ ಖಿನ್ನತೆ ಸೇರಿಕೊಂಡಿರಬಹುದು.

ಈ ತೊಡಕು ತಪ್ಪಿಸಲು ಮಿಷಿಗನ್ ವಿಶ್ವವಿದ್ಯಾಲಯದ ಶ್ರೀಜನ್ ಸೇನ್ ಒಂದು ಜಾಣ ದಾರಿ ಹಿಡಿದರು. ಒತ್ತಡ ಬರುವ ದಿನ ಮೊದಲೇ ಗೊತ್ತಿರುವ ಜನರನ್ನು ಹುಡುಕಿದರು. ಯಾರವರು? ಆಗಷ್ಟೇ ವೈದ್ಯಪದವಿ ಮುಗಿಸಿ ಆಸ್ಪತ್ರೆಯಲ್ಲಿ ಮೊದಲ ವರ್ಷದ ತರಬೇತಿಗೆ ಸೇರುವವರು. ನಮ್ಮ ಕಡೆಯ ಹೌಸ್ ಸರ್ಜನ್‌ಗಳ ಪಾಡು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಿದ್ದೆ ಇಲ್ಲ, ಊಟಕ್ಕೆ ಹೊತ್ತಿಲ್ಲ, ತಪ್ಪಿದರೆ ಜೀವ ಹೋಗುತ್ತೆ, ಮೇಲಿನವರ ಬೈಗುಳ ಬೇರೆ. ಸೇನ್ ತಂಡ ಸೇರುವ ಮೊದಲೇ ಪ್ರಶ್ನಾವಳಿ ಕೊಟ್ಟು, ಆಮೇಲೆ ವರ್ಷವಿಡೀ ಮತ್ತೆ ಮತ್ತೆ ಕೇಳಿತು. 2010ರ ಅವರ ವರದಿಯಲ್ಲಿ ಸೇರುವ ಮುನ್ನ ಖಿನ್ನತೆಯ ಮಟ್ಟ ಮುಟ್ಟಿದವರು 3.9%. ತರಬೇತಿಯ ವರ್ಷದಲ್ಲಿ ಸರಾಸರಿ 25.7%. ಆ ಕೆಲವು ತಿಂಗಳಲ್ಲಿ ಯಾರ ಜೀನೂ ಬದಲಾಗಿರಲಿಲ್ಲ.

ಮುಂದೆ 5,227 ಇಂಥ ತರಬೇತಿ ವೈದ್ಯರ ಜೀನ್ ಸ್ಕೋರ್ ನೋಡಿದಾಗ, ಸೇರುವ ಮೊದಲಿಗಿಂತ ಒತ್ತಡದ ದಿನಗಳಲ್ಲಿ ಆ ಸ್ಕೋರಿಗೂ ಖಿನ್ನತೆಗೂ ನಂಟು ಬಿಗಿಯಾಯಿತು. ವಿಶೇಷ ಏನೆಂದರೆ ಸ್ಕೋರ್ ತೀರಾ ಕಡಿಮೆ ಇದ್ದವರು ಆ ಒತ್ತಡದಲ್ಲೂ ಚೆನ್ನಾಗಿ ತಡೆದುಕೊಂಡರು. ಯಾರು ಬೀಳುತ್ತಾರೆ ಅನ್ನುವುದಕ್ಕಿಂತ ಯಾರು ಬೀಳಲ್ಲ ಅಂತ ಹೇಳಲು ಸ್ಕೋರಿಗೆ ಹೆಚ್ಚು ಬರುತ್ತದೆ. ಡುನೆಡಿನ್ ತಂಡ ಊಹಿಸಿದ ಚಿತ್ರ ಪೂರ್ತಿ ಸುಳ್ಳಲ್ಲ. ಅವರು ಕೈ ಇಟ್ಟ ಜೀನ್ ತಪ್ಪಾಗಿತ್ತು, ಗಾತ್ರದ ಅಂದಾಜು ತಪ್ಪಾಗಿತ್ತು.

ಕಷ್ಟ ಸುಮ್ನೆ ಬಂದು ಬೀಳುವುದಿಲ್ಲ

ಇಲ್ಲಿಯವರೆಗೆ ಜೀನ್ ಒಂದು ಕಡೆ, ಕಷ್ಟ ಇನ್ನೊಂದು ಕಡೆ ಅಂತ ಬೇರೆ ಬೇರೆ ಇಟ್ಟು ಮಾತಾಡಿದೆ. ನಿಜವಾದ ಬದುಕಿನಲ್ಲಿ ಅವು ಹಾಗೆ ದೂರ ದೂರ ಕೂತಿರುವುದಿಲ್ಲ. ಪ್ರವಾಹ ಬಂದು ಮನೆ ಕೊಚ್ಚಿ ಹೋದರೆ ಅದರಲ್ಲಿ ನನ್ನ ಸ್ವಭಾವದ ಪಾತ್ರ ಏನೂ ಇಲ್ಲ. ಆದರೆ ಪದೇ ಪದೇ ಕೆಲಸ ಬಿಡುವುದು, ಸ್ನೇಹ ಮುರಿಯುವುದು, ದುಡುಕಿ ಸಾಲ ಮಾಡುವುದು, ಇವುಗಳಲ್ಲಿ ಸ್ವಭಾವದ ಪಾತ್ರವೂ ಸ್ವಲ್ಪ ಇರುತ್ತದೆ. ಆ ಸ್ವಭಾವದಲ್ಲಿ ಜೀನ್ ಪಾಲೂ ಇರುತ್ತದೆ. ಕೆಂಡ್ಲರ್ ತಂಡ 1999ರಲ್ಲಿ ಅಂದಾಜು ಮಾಡಿದಂತೆ, ಕಷ್ಟಕ್ಕೂ ಖಿನ್ನತೆಗೂ ಕಾಣುವ ನಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ‘ಕಷ್ಟದಿಂದ ಖಿನ್ನತೆ’ ಅಲ್ಲ. ಎರಡಕ್ಕೂ ಒಂದೇ ಬೇರು ಇರುವುದರಿಂದ ಜೊತೆಜೊತೆಗೆ ಕಾಣಿಸಿಕೊಂಡದ್ದು. ಇದನ್ನು ಹಿಡಿದುಕೊಂಡು ‘ಅವನದ್ದೇ ತಪ್ಪು, ತಾನೇ ತಂದುಕೊಂಡ’ ಅನ್ನುವವರಿದ್ದಾರೆ. ಉಳಿದ ಮೂರನೇ ಎರಡು ಪಾಲು ನೇರ ಪೆಟ್ಟು ಅನ್ನುವುದನ್ನು ಅವರು ಓದಿರುವುದಿಲ್ಲ.

ಒಂದು ಮನೆಯೊಳಗೆ ಇದು ಇನ್ನೂ ಹೆಣೆದುಕೊಂಡಿರುತ್ತದೆ. ಖಿನ್ನತೆ ಇರುವ ತಾಯಿಯಿಂದ ಮಗುವಿಗೆ ಜೀನೂ ಬರುತ್ತದೆ, ಮಾತು ಕಡಿಮೆಯಾದ ಮನೆಯ ವಾತಾವರಣವೂ ಬರುತ್ತದೆ. ಕುಡಿಯುವ ಅಪ್ಪನಿಂದಲೂ ಹಾಗೆಯೇ. ಇಂಥ ಮನೆಯಲ್ಲಿ ಬೆಳೆದ ಹುಡುಗನ ಖಿನ್ನತೆ ರಕ್ತದ್ದೋ ಮನೆಯದ್ದೋ ಅಂತ ಬೇರ್ಪಡಿಸಲು ಹೊರಗಿನವರಿಗೆ ಸಾಧ್ಯವೇ ಇಲ್ಲ. ‘ಅಪ್ಪನ ಹಾಗೇ’ ಅನ್ನುವ ಮಾತು ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತದೆ.

ಎಲ್ಲ ಕಷ್ಟಗಳೂ ಒಂದೇ ತೂಕದವಲ್ಲ. ಕೆಂಡ್ಲರ್ ತಂಡವೇ 2003ರಲ್ಲಿ ತೋರಿಸಿದಂತೆ ಕಳೆದುಕೊಳ್ಳುವುದರ ಜೊತೆ ಅವಮಾನವೂ ಸೇರಿದರೆ ಖಿನ್ನತೆಯ ಅಪಾಯ ಹೆಚ್ಚು. ಸಾವಿನಿಂದ ಒಬ್ಬರನ್ನು ಕಳೆದುಕೊಳ್ಳುವುದು ಒಂದು, ಬಿಟ್ಟು ಹೋದದ್ದರಿಂದ ಕಳೆದುಕೊಳ್ಳುವುದು ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಸಾಲ ಇದ್ದದ್ದೇ. ಆದರೆ ವಸೂಲಿಯವರು ಬಾಗಿಲಲ್ಲಿ ಕೂತು ಕೂಗಾಡಿ, ಅಕ್ಕಪಕ್ಕದವರ ಮುಂದೆ ಮಾನ ಕಳೆದ ದಿನ ಬೇರೆಯದೇ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಬಲವಂತ ತಡೆಯಲು ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದು ಎಷ್ಟರ ಮಟ್ಟಿಗೆ ಜಾರಿಯಾಗುತ್ತದೆ ಅನ್ನುವುದು ಬೇರೆ ಚರ್ಚೆ. ನನ್ನ ಮಟ್ಟಿಗೆ ಅದು ಸಾಲದ ಕಾನೂನಷ್ಟೇ ಅಲ್ಲ, ಮಾನಸಿಕ ಆರೋಗ್ಯದ ಕಾನೂನೂ ಹೌದು. ಯಾರ ಜೀನನ್ನೂ ಕಾನೂನು ಮಾಡಿ ತಿದ್ದಲು ಆಗಲ್ಲ. ಬಾಗಿಲಲ್ಲಿ ಕೂಗಾಡುವುದನ್ನು ನಿಲ್ಲಿಸಲು ಆಗುತ್ತದೆ.

ಇದಕ್ಕಿಂತ ಹತ್ತಿರದ ಸಾಕ್ಷಿ ಪಕ್ಕದ ಗೋವಾದಿಂದ ಇದೆ. ವಿಕ್ರಮ್ ಪಟೇಲ್ ಮತ್ತು ತಂಡ ಅಲ್ಲಿನ 270 ಗರ್ಭಿಣಿಯರನ್ನು ಅಭ್ಯಾಸ ಮಾಡಿ 2002ರಲ್ಲಿ ಬರೆದರು. ಹೆರಿಗೆಯಾದ ಆರೆಂಟು ವಾರಕ್ಕೆ 23% ತಾಯಂದಿರಲ್ಲಿ ಖಿನ್ನತೆ ಕಂಡಿತು. ಹಳಬರು ಬಾಣಂತಿ ಸನ್ನಿ ಅನ್ನುವುದು ಇದಲ್ಲ, ಅದು ಅಪರೂಪ ಮತ್ತು ಇನ್ನೂ ತೀವ್ರ. ಇದು ಸದ್ದಿಲ್ಲದ ಬಾಣಂತನದ ಖಿನ್ನತೆ. ಹಣದ ಅಡಚಣೆ, ಗಂಡನ ಜೊತೆ ಹೊಂದಾಣಿಕೆ ಇಲ್ಲದಿರುವುದು ದೊಡ್ಡ ಕಾರಣಗಳು. ಹುಟ್ಟಿದ್ದು ಹೆಣ್ಣಾ ಗಂಡಾ ಅನ್ನುವುದೂ ಲೆಕ್ಕಕ್ಕೆ ಬಂತು. ಹೊಡೆತ, ಹಸಿವು ಇವುಗಳ ಪರಿಣಾಮವನ್ನೇ ಮಗುವಿನ ಲಿಂಗ ಬದಲಾಯಿಸುತ್ತಿತ್ತು. ವಿಜ್ಞಾನಿಗಳು ಜೀನ್ ಮತ್ತು ಕಷ್ಟದ ಕೂಡುವಿಕೆಯನ್ನು ದಶಕಗಟ್ಟಲೆ ಹುಡುಕಿದರು. ಇಲ್ಲಿ ಕಷ್ಟ ಮತ್ತು ಕಷ್ಟದ ಕೂಡುವಿಕೆ ಬರೀ 270 ಜನರಲ್ಲೇ ಕಣ್ಣಿಗೆ ಹೊಡೆಯುವಂತೆ ಕಂಡಿತು.

ಇನ್ನು ಮದುವೆ ಮಾತುಕತೆಗೆ ಬರೋಣ. ಜಾತಕ ಕೂಡಿದ ಮೇಲೆ ಮಧ್ಯಸ್ಥರು ಪಿಸುಗುಟ್ಟಿ ವಿಚಾರಿಸುವ ಪ್ರಶ್ನೆ ಒಂದಿದೆ: ‘ಅವರ ಮನೇಲಿ ಯಾರಿಗಾದ್ರೂ ತಲೆ ಸರಿ ಇಲ್ವಂತಾ?’ ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಖಿನ್ನತೆ ಇದ್ದರೆ ಅಪಾಯ ಎರಡರಿಂದ ಮೂರು ಪಟ್ಟು ಆಗುತ್ತದೆ ಅನ್ನುವುದು ನಿಜ. ಆದರೆ ಈ ಪ್ರಶ್ನೆಗೆ ಸಿಗುವ ಉತ್ತರಕ್ಕೆ ಬೆಲೆ ಎಷ್ಟು? ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಕಂಡವರು. ಖಿನ್ನತೆ ಇದ್ದವರಲ್ಲಿ ಸುಮಾರು 85% ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಂದಮೇಲೆ ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಅನ್ನುವ ಮನೆಯಲ್ಲಿ ಆಗಿರುವುದೇನು? ಯಾರೂ ಡಾಕ್ಟರ್ ಹತ್ತಿರ ಹೋಗಿಲ್ಲ ಅಷ್ಟೇ. ಅಡುಗೆಮನೆ ಬಿಟ್ಟು ಹೊರಗೆ ಬಾರದ, ಯಾರ ಜೊತೆಯೂ ಮಾತಾಡದ ಅಜ್ಜಿಯನ್ನು ‘ಅವರ ಸ್ವಭಾವವೇ ಹಾಗೆ’ ಅಂದುಕೊಂಡು ಕಳಿಸಿಕೊಟ್ಟಿರುತ್ತಾರೆ. ಚಿಕಿತ್ಸೆ ಪಡೆದು ಗುಣವಾದ ಮಾವ ಇರುವ ಮನೆಗೆ ಮಾತ್ರ ಕೆಟ್ಟ ಹೆಸರು. ಪ್ರಾಮಾಣಿಕರಿಗೆ ದಂಡ, ಮುಚ್ಚಿಟ್ಟವರಿಗೆ ಮದುವೆ.

ಜಾತಕದ ಜಾಗಕ್ಕೆ ಈಗ ಉಗುಳು ಪರೀಕ್ಷೆಯೂ ಬರುತ್ತಿದೆ. ಆನ್‌ಲೈನ್‌ನಲ್ಲಿ ಕಿಟ್ ತರಿಸಿ, ಕೊಳವೆಗೆ ಉಗುಳಿ ಕಳಿಸಿದರೆ ‘ಒತ್ತಡ ತಡೆಯುವ ಶಕ್ತಿ’, ‘ಖಿನ್ನತೆಯ ಒಲವು’ ಅಂತ ಬಣ್ಣದ ಪಟ್ಟಿ ಹಾಕಿದ ವರದಿ ಬರುತ್ತದೆ. ಒಂದೋ ಎರಡೋ ಹೆಸರುವಾಸಿ ಜೀನ್ ನೋಡಿ ಕೊಡುವ ವರದಿಗೆ ದುಡ್ಡು ಕೊಡುವುದು ಬೇಡ. 2019ರಲ್ಲೇ ಆ ಬಾಗಿಲು ಮುಚ್ಚಿದೆ. ಎಲ್ಲ ಹನಿ ಸೇರಿಸಿದ ಸ್ಕೋರ್ ಕೊಟ್ಟರೂ ನಮಗೆ ಅದು ಇನ್ನೂ ಸಡಿಲ. ಆ ಸ್ಕೋರ್‌ಗಳು ತಯಾರಾದದ್ದು ಮುಖ್ಯವಾಗಿ ಯುರೋಪ್ ಮೂಲದವರ ಮಾಹಿತಿಯಿಂದ. 2025ರ ದೊಡ್ಡ ಅಧ್ಯಯನದಲ್ಲೂ ಮಿಕ್ಕವರೆಲ್ಲರ ಪಾಲು ನಾಲ್ಕರಲ್ಲಿ ಒಂದು ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಭಾರತೀಯರ ಡಿಎನ್‌ಎ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅಡಿಪಾಯಕ್ಕೆ ಅದು ಒಳ್ಳೆಯದು. ಆದರೆ ಖಿನ್ನತೆಯಂಥ ಕಾಯಿಲೆಗೆ ಲಕ್ಷಗಟ್ಟಲೆ ಜನ ಬೇಕು ಅನ್ನುವುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ. ಅವರ ಬದುಕಿನ ಕಥೆಯೂ ಬೇಕು, ಬರೀ ಉಗುಳು ಸಾಲದು.

ಜೀನ್ ಪರೀಕ್ಷೆಯಿಂದ ಸ್ವಲ್ಪ ಉಪಯೋಗ ಕಾಣುತ್ತಿರುವುದು ಬೇರೆ ಕಡೆ. ಮಾತ್ರೆಯನ್ನು ಅರಗಿಸುವ ಯಕೃತ್ತಿನ ಕಿಣ್ವಗಳ ಜೀನ್‌ಗಳಲ್ಲಿ. ಎಸ್ಸಿಟಾಲೋಪ್ರಾಮ್ ಎಂಬ ಮಾತ್ರೆ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಅದನ್ನು ಅರಗಿಸುವ ಸಿವೈಪಿ2ಸಿ19 ಎಂಬ ಕಿಣ್ವ ಕೆಲವರಲ್ಲಿ ನಿಧಾನ. ಅಂಥವರಿಗೆ ಅದೇ ಡೋಸ್ ರಕ್ತದಲ್ಲಿ ಜಾಸ್ತಿ ಏರುತ್ತದೆ, ಅಡ್ಡಪರಿಣಾಮವೂ ಜಾಸ್ತಿ. ಇದು ಖಿನ್ನತೆ ಬರುತ್ತಾ ಇಲ್ವಾ ಅಂತ ಹೇಳುವ ಜೀನ್ ಅಲ್ಲ. ಎರಡನ್ನೂ ಒಂದೇ ವರದಿಯಲ್ಲಿ ಬೆರೆಸಿ ಮಾರುವವರ ಬಗ್ಗೆ ಎಚ್ಚರ ಇರಲಿ.

ಚಿಕಿತ್ಸೆಗಂತೂ ಜೀನ್ ಗೊತ್ತಿರಲೇಬೇಕು ಅಂತೇನಿಲ್ಲ. ಅದೇ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯರಲ್ಲದ, ಇದಕ್ಕೆಂದೇ ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಸಲ ಕೂತು ಮಾತಾಡಿ ಚಿಕಿತ್ಸೆ ನೀಡಿದರು. ಬಿಟ್ಟ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಿಡಿಸುವುದು, ಜನರ ಜೊತೆ ಬೆರೆಯುವಂತೆ ಮಾಡುವುದು, ಎದುರಿಗಿರುವ ತೊಂದರೆಗೆ ಒಂದೊಂದೇ ದಾರಿ ಹುಡುಕುವುದು. 495 ಜನರ ಈ ಪ್ರಯೋಗದಲ್ಲಿ ಈ ಚಿಕಿತ್ಸೆ ಸಿಕ್ಕವರಲ್ಲಿ 64% ಮೂರು ತಿಂಗಳಲ್ಲಿ ಚೇತರಿಸಿಕೊಂಡರು. ಮಾಮೂಲಿ ಆರೈಕೆಯಲ್ಲಿದ್ದವರು 39%.

ವಂಶದ ಪ್ರಶ್ನೆ ನಿಜಕ್ಕೂ ಬೇಕಾಗುವ ಒಂದು ಜಾಗ ಇದೆ, ಅದು ಮದುವೆ ಚಪ್ಪರ ಅಲ್ಲ, ಡಾಕ್ಟರ್ ಕೋಣೆ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ ಇತ್ತಾ, ಅಂದರೆ ಕೆಲವು ವಾರ ನಿದ್ದೆಯೇ ಇಲ್ಲದೆ, ಅತಿ ಉತ್ಸಾಹದಲ್ಲಿ, ದುಡ್ಡು ಚೆಲ್ಲಿ, ಆಮೇಲೆ ಮಂಕಾಗಿ ಬಿದ್ದುಕೊಳ್ಳುವವರು ಇದ್ದರಾ ಅಂತ ಮನೋವೈದ್ಯರು ಕೇಳಿಯೇ ಕೇಳುತ್ತಾರೆ. ಖಿನ್ನತೆ ಅಂತ ಬಂದವರಲ್ಲಿ ಕೆಲವರದು ಮುಂದೆ ಬೈಪೋಲಾರ್ ಆಗಿ ತಿರುಗುತ್ತದೆ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದದ ಕಡೆಗೆ ಜಾರುವ ಅಪಾಯ ಇದೆ. ಚಿಕ್ಕಪ್ಪನಿಗೆ ಯಾವ ಮಾತ್ರೆ ಹಿಡಿಸಿತು, ಅಮ್ಮನಿಗೆ ಬಾಣಂತನದಲ್ಲಿ ಏನಾಗಿತ್ತು, ಯಾರಾದರೂ ಜೀವ ತೆಗೆದುಕೊಂಡಿದ್ದರಾ, ಇವೆಲ್ಲ ಅಲ್ಲಿ ಕೆಲಸಕ್ಕೆ ಬರುವ ಮಾಹಿತಿ. ಜೊತೆಗೆ ಈಚೆಗೆ ಬದುಕಿನಲ್ಲಿ ಏನು ಪೆಟ್ಟು ಬಿತ್ತು ಅನ್ನುವುದನ್ನೂ ಅಷ್ಟೇ ವಿವರವಾಗಿ ಹೇಳಬೇಕು. ಡಾಕ್ಟರ್ ಹತ್ತಿರ ಹೋಗಲು ಇನ್ನೂ ಮನಸ್ಸು ಬರದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.